ಬದುಕಿದ್ದ ಅಪ್ಪನಿಗೆ ಮರಣಪತ್ರ



ಈಗಷ್ಟೇ ‘ತಿಥಿ’ ಚಿತ್ರ ನೋಡಿ ಮುಗಿಸಿದ್ದೇವೆ. ನೂರೊಂದು ವರ್ಷದ ಸೆಂಚುರಿ ಗೌಡ ರಸ್ತೆ ಬದಿಯಲ್ಲಿ ಕೂತು ದಾರಿಹೋಕರನ್ನೆಲ್ಲ ಬಯ್ದು, ಮೂತ್ರಕ್ಕೆಂದು ಎದ್ದುಹೋಗಿ ಕುಸಿದು ಸಾಯುತ್ತಾನಲ್ಲ, ಅಲ್ಲಿಂದಲೇ ಇಲ್ಲಿ ನಗು ಶುರುವಾಯಿತು. ಸಾವಿನ ಮನೆಯ ಕತೆಗೆ ಹೀಗೆ ನಗಬಹುದೇ ಎಂದು ಪಕ್ಕದಲ್ಲಿದ್ದ ಹಿರಿಯರೊಬ್ಬರು ನನ್ನನ್ನು ಕೇಳಿದರು. ಅದಕ್ಕೇ ಈ ನಾಲ್ಕು ಮಾತು.

ರಾಮ್ ರೆಡ್ಡಿ ನಿರ್ದೇಶಿಸಿದ ಚಿತ್ರವಿದು. ಕತೆ ಹೆಣೆಯುವಾಗ ಜೊತೆಗಿದ್ದವರು ಈರೇಗೌಡ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಕ್ಯಾಮೆರಾ ಕಂಡರಿಯದ ಹಳ್ಳಿಗರನ್ನೇ ನಟರನ್ನಾಗಿಸಿ ತೆಗೆದರು. 2015ರಲ್ಲಿ ಸ್ವಿಟ್ಜರ್‌ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದು, 2016ರಲ್ಲಿ ನಮ್ಮ ಚಿತ್ರಮಂದಿರಗಳಿಗೆ ಬಂತು. ಪ್ರಶಸ್ತಿಯ ಮಾತು ಅಷ್ಟು ಸಾಕು.

ಮುಖ್ಯವಾದದ್ದು ಜಮೀನು. ಸತ್ತವನ ಹೆಸರಿನ ಭೂಮಿ ವಾರಸುದಾರರಿಗೆ ವರ್ಗವಾಗುವುದನ್ನು ನಮ್ಮ ಕಂದಾಯ ಇಲಾಖೆಯ ಭಾಷೆಯಲ್ಲಿ ಪೌತಿ ಖಾತೆ ಎನ್ನುತ್ತಾರೆ. ಪೌತಿ ಎಂದರೆ ಸಾವು. ಖಾತೆ ಮೊದಲು ಮಗನ ಹೆಸರಿಗೆ. ಮಗ ಬದುಕಿರುವಾಗ ಅವನನ್ನು ದಾಟಿ ಮೊಮ್ಮಗನ ಹೆಸರಿಗೆ ಏರುವುದಿಲ್ಲ. ತಮ್ಮಣ್ಣನ ಕಷ್ಟವೇ ಇದು. ಅಜ್ಜ ಹೋದ. ಅಪ್ಪ ಗಡ್ಡಪ್ಪನಿಗೋ ಭೂಮಿಯೂ ಬೇಡ, ಮನೆಯೂ ಬೇಡ. ಬ್ರಾಂದಿ, ಬೀಡಿ, ಕಾಲು ಎಳೆದತ್ತ ತಿರುಗಾಟ. ಹಾಗಾಗಿ ಮಗ ಕೈಬಿಸಿ ಮಾಡಿ, ಬದುಕಿರುವ ಅಪ್ಪನನ್ನು ಕಾಗದದ ಮೇಲೆ ಸಾಯಿಸುತ್ತಾನೆ. ಸುಳ್ಳು ಬಯಲಾಗದಿರಲೆಂದು ಅವನ ಕೈಗೆ ಹಣ ಕೊಟ್ಟು ಊರು ಬಿಡಿಸುತ್ತಾನೆ.

ವರದಿಗಾರನಾಗಿ ತಾಲ್ಲೂಕು ಕಚೇರಿಗಳ ಜಗಲಿಯಲ್ಲಿ ಕಾದು ಕೂತವನು ನಾನು. ಅಲ್ಲಿ ಕಂಕುಳಲ್ಲಿ ಪ್ಲಾಸ್ಟಿಕ್ ಚೀಲ ಅವುಚಿಕೊಂಡು ನಿಲ್ಲುವ ನಡುವಯಸ್ಸಿನವರ ಮುಖ ತಮ್ಮಣ್ಣನದೇ. ಅವನನ್ನು ಖಳನಾಯಕ ಎನ್ನಲು ನನಗೆ ಮನಸ್ಸು ಬಾರದು. ಹನ್ನೊಂದನೆಯ ದಿನದ ತಿಥಿಗೆ ಊರಿಗೆಲ್ಲ ಬಾಡೂಟ ಹಾಕಬೇಕು, ಸಾಲ ತೀರಬೇಕು. ಮಗ ಅಭಿ ನೋಡಿದರೆ ಕುರಿಗಾಹಿ ಹುಡುಗಿ ಕಾವೇರಿಯ ಹಿಂದೆ ಅಲೆಯುತ್ತಿದ್ದಾನೆ. ಮನೆಯ ಭಾರ ಹೊತ್ತವನು ಒಬ್ಬನೇ. ನಾವು ನಕ್ಕದ್ದೂ ಹೆಚ್ಚಾಗಿ ಅವನನ್ನು ನೋಡಿಯೇ.

ಅವನ ತಪ್ಪು ಬೇರೆಡೆ ಇದೆ. ಭೂಮಿ ಯಾಕೆ ಬೇಡವೆಂದು ಅಪ್ಪನನ್ನು ಕೂರಿಸಿಕೊಂಡು ಕೇಳುವ ಗೋಜಿಗೆ ಅವನು ಹೋಗುವುದಿಲ್ಲ. ಕೇಳಿದ್ದರೂ ಗಡ್ಡಪ್ಪ ಹೇಳುತ್ತಿದ್ದನೋ ಇಲ್ಲವೋ. ನಮ್ಮ ಮನೆಗಳಲ್ಲಿ ಅಪ್ಪ ಮಕ್ಕಳ ನಡುವೆ ಪಾಲಿನ ಮಾತು ನಡೆದಷ್ಟು ಸಲೀಸಾಗಿ ಮನಸ್ಸಿನ ಮಾತು ನಡೆಯುವುದು ಅಪರೂಪ. ಕಡೆಗೆ ಗಡ್ಡಪ್ಪ ಬಾಯಿ ಬಿಡುವುದು ದಾರಿಯಲ್ಲಿ ಸಿಕ್ಕ ಕುರಿಗಾಹಿಗಳ ಮುಂದೆ, ರಾತ್ರಿ ಬೆಂಕಿಯ ಪಕ್ಕ. ತನ್ನ ಮದುವೆ, ತನ್ನ ತಂದೆ, ಮನೆಯೊಳಗೆ ನಡೆದುಹೋದದ್ದು. ಚಿತ್ರ ನೋಡದ ಓದುಗರ ಸಲುವಾಗಿ ಅದನ್ನಿಲ್ಲಿ ಬಿಚ್ಚಿಡುವುದಿಲ್ಲ. ಅವನು ಅಳುವುದಿಲ್ಲ, ಯಾರೋ ಪರವೂರಿನವರ ಸುದ್ದಿಯೆಂಬಂತೆ ಹೇಳಿಕೊಂಡು ಹೋಗುತ್ತಾನೆ. ಹಿನ್ನೆಲೆ ಸಂಗೀತ ಬಂದು ನಮ್ಮನ್ನು ಅಳಿಸಲು ಯತ್ನಿಸುವುದೂ ಇಲ್ಲ.

ನನ್ನನ್ನು ಪ್ರಶ್ನಿಸಿದ ಹಿರಿಯರು ಆಗ ಗಮನಿಸಿರಬಹುದು. ಅಷ್ಟು ಹೊತ್ತು ನಗುತ್ತಿದ್ದ ಸಭೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ.