ಆ ಹಳದಿ ಫ್ರಾಕು ಹೊಲಿದವನು ನಾನು

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಾಫ್ಟ್‌ವೇರ್ ಇಂಜಿನಿಯರ್ ಆಗಿರುವುದರಿಂದ ಕಂಪ್ಯೂಟರ್ ಬಗ್ಗೆ, ಕೃತಕ ಬುದ್ಧಿಮತ್ತೆಯ ಬಗ್ಗೆ ಹತ್ತು ನಿಮಿಷ ಮಾತಾಡಿ ಎಂದು ಸಮಿತಿಯವರು ಫೋನಿನಲ್ಲಿ ಹೇಳಿದ್ದರು. ಅವರು ಕ್ಷಮಿಸಬೇಕು. ಆ ವಿಷಯ ಮಾತಾಡುವವರು ಬೇಕಾದಷ್ಟು ಜನ ಸಿಗುತ್ತಾರೆ. ನಾನು ಇವತ್ತು ಒಂದು ಫ್ರಾಕಿನ ಬಗ್ಗೆ ಮಾತಾಡುತ್ತೇನೆ. ಮಕ್ಕಳು ತೊಡುವ, ಎದೆಯ ಮೇಲೆ ಜೇನುಗೂಡಿನ ಹಾಗೆ ನೆರಿಗೆ ಕಟ್ಟಿ ಕಸೂತಿ ಹಾಕಿದ ಫ್ರಾಕು. ಆ ಕೆಲಸಕ್ಕೆ ಸ್ಮಾಕಿಂಗ್ ಎನ್ನುತ್ತಾರೆ. ಅದನ್ನು ನಾನು ಕಲಿತದ್ದು ಇದೇ ಶಾಲೆಯ ಕೊನೆಯ ಕೋಣೆಯಲ್ಲಿ.

2003ನೇ ಇಸವಿ. ನಾನು ಒಂಬತ್ತನೇ ತರಗತಿ. ನಮ್ಮ ಕಾಲದಲ್ಲಿ ಕ್ರಾಫ್ಟ್ ಪೀರಿಯಡ್ ಬಂದರೆ ಹುಡುಗರು ಗುದ್ದಲಿ ಹಿಡಿದು ಶಾಲೆಯ ತೋಟಕ್ಕೆ, ಹುಡುಗಿಯರು ಹೊಲಿಗೆ ಕೋಣೆಗೆ. ಆ ವರ್ಷ ಮಾವಿನ ಮರದಿಂದ ಬಿದ್ದು ನನ್ನ ಕಾಲು ಮುರಿದಿತ್ತು. ಪಟ್ಟಿ ಹಾಕಿದ ಕಾಲಿನಲ್ಲಿ ತೋಟಕ್ಕೆ ಹೋಗುವ ಹಾಗಿರಲಿಲ್ಲ. ಹೊರಗೆ ಜಗಲಿಯ ಮೇಲೆ ಸುಮ್ಮನೆ ಕುಳಿತಿದ್ದವನನ್ನು ನೋಡಿ ಹೊಲಿಗೆ ಮೇಡಂ ಕರೆದರು. "ಏನೋ, ಮುರಿದಿರೋದು ಕಾಲು ತಾನೆ? ಕೈ ಚೆನ್ನಾಗಿದೆಯಲ್ಲ? ಒಳಗೆ ಬಾ" ಎಂದರು. ಹುಡುಗಿಯರೆಲ್ಲ ಕಿಸಕ್ಕೆಂದು ನಕ್ಕರು. ನಾನು ತಲೆ ತಗ್ಗಿಸಿಕೊಂಡು ಒಳಗೆ ಹೋದೆ.

ನನಗೆ ಇನ್ನೊಂದು ತೊಂದರೆ ಇತ್ತು. ನಾನು ಎಡಚ. ಮೇಡಂ ಪಕ್ಕದಲ್ಲಿ ಕುಳಿತು ತೋರಿಸಿದರೆ ನನಗೆ ಎಲ್ಲವೂ ತಿರುವುಮುರುವು. ಎರಡು ದಿನ ನೋಡಿದರು. ಮೂರನೆಯ ದಿನ ಸ್ಟೂಲು ಎಳೆದುಕೊಂಡು ನನ್ನ ಎದುರಿಗೆ ಕುಳಿತರು. "ಕನ್ನಡಿ ನೋಡಿದ ಹಾಗೆ ನೋಡು. ನನ್ನ ಕೈ ಹೋದ ಕಡೆಗೇ ನಿನ್ನ ಕೈ ಬರಲಿ" ಎಂದರು. ಅಷ್ಟೇ. ಎಲ್ಲರೂ ಸಾಲನ್ನು ಎಡದಿಂದ ಬಲಕ್ಕೆ ಹೊಲಿದರೆ ನಾನು ಬಲದಿಂದ ಎಡಕ್ಕೆ ಹೊಲಿಯುತ್ತಿದ್ದೆ. ಬರೆಯುವಾಗ "ಬಲಗೈಲಿ ಬರಿಯೋ" ಎಂದು ಚಿಕ್ಕಂದಿನಿಂದ ಏಟು ತಿಂದಿದ್ದ ನನಗೆ, ಎಡಗೈಯನ್ನು ಎಡಗೈಯಾಗಿಯೇ ಬಿಟ್ಟ ಮೊದಲ ಗುರು ಅವರು.

ಈ ಕೆಲಸ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಒಂಬತ್ತು ಇಂಚು ಅಗಲದ ಎದೆಭಾಗ ಬೇಕಾದರೆ ಮೂರು ಪಟ್ಟು, ಅಂದರೆ ಇಪ್ಪತ್ತೇಳು ಇಂಚು ಬಟ್ಟೆ ತೆಗೆದುಕೊಳ್ಳಬೇಕು. ಬಟ್ಟೆಯ ಹಿಂಬದಿಗೆ ಕಾಲಿಂಚಿಗೊಂದರಂತೆ ಪೆನ್ಸಿಲ್ಲಿನಲ್ಲಿ ಚುಕ್ಕೆ ಇಡಬೇಕು. ಒಂದು ಸಾಲಿಗೆ 108 ಚುಕ್ಕೆ. ಎಂಟು ಸಾಲು ಎಂದರೆ 864. ಒಂದು ಚುಕ್ಕೆ ಆಚೀಚೆ ಆದರೂ ನೆರಿಗೆ ಸೊಟ್ಟಗಾಗುತ್ತದೆ. ಆಮೇಲೆ ಪ್ರತಿ ಸಾಲಿಗೂ ಬೇರೆ ಬೇರೆ ಕಚ್ಚಾ ದಾರ ಹಾಕಿ, ಪ್ರತಿ ಚುಕ್ಕೆಯಲ್ಲೂ ಒಂದಿಷ್ಟು ಬಟ್ಟೆ ಎತ್ತಿ, ಎಲ್ಲಾ ದಾರಗಳನ್ನೂ ಒಟ್ಟಿಗೆ ಎಳೆದರೆ ಬಟ್ಟೆ ಹಾರ್ಮೋನಿಯಂ ತಿದಿಯ ಹಾಗೆ ಮಡಚಿಕೊಳ್ಳುತ್ತದೆ. ಆಗ ಮುಂಬದಿಗೆ ತಿರುಗಿಸಿ ನೆರಿಗೆಗಳ ನೆತ್ತಿಯ ಮೇಲೆ ಬಣ್ಣದ ದಾರದ ಹೊಲಿಗೆ. ಲಡಿಯಲ್ಲಿ ಆರು ಎಳೆ ಇರುತ್ತವೆ, ಮೂರು ಎಳೆ ಬಿಡಿಸಿಕೊಂಡು ಹೊಲಿಯಬೇಕು.

ಮೊದಲು ಕಲಿಸಿದ್ದು ಕೇಬಲ್ ಸ್ಟಿಚ್. ಒಂದೊಂದೇ ನೆರಿಗೆಯನ್ನು ಸೂಜಿಯಲ್ಲಿ ಎತ್ತುತ್ತಾ ಹೋಗುವುದು. ಒಂದು ಸಲ ದಾರ ಸೂಜಿಯ ಮೇಲೆ, ಮುಂದಿನ ಸಲ ಸೂಜಿಯ ಕೆಳಗೆ. ಮೇಲೆ, ಕೆಳಗೆ, ಮೇಲೆ, ಕೆಳಗೆ. ತಪ್ಪದೆ ಹೋದರೆ ಇಟ್ಟಿಗೆ ಗೋಡೆಯ ಎರಡು ವರಸೆಯ ಹಾಗೆ ಕಾಣುತ್ತದೆ. ದಾರ ಯಾವಾಗಲೂ ಒಂದೇ ಕಡೆ ಇದ್ದರೆ ಅದು ಔಟ್‌ಲೈನ್ ಸ್ಟಿಚ್, ಹಗ್ಗ ಹೊಸೆದ ಹಾಗೆ. ಇವೆರಡೂ ಬಿಗಿ ಹೊಲಿಗೆಗಳು. ಕುತ್ತಿಗೆಯ ಹತ್ತಿರದ ಮೊದಲ ಸಾಲಿಗೆ ಇವೇ ಬೇಕು.

ಆಮೇಲೆ ವೇವ್ ಸ್ಟಿಚ್. ಮೆಟ್ಟಿಲು ಹತ್ತಿದ ಹಾಗೆ ಒಂದೊಂದು ನೆರಿಗೆಗೂ ಸ್ವಲ್ಪ ಮೇಲೆ ಹೋಗಿ ಮತ್ತೆ ಇಳಿಯುವುದು. ಹತ್ತುವಾಗ ದಾರ ಸೂಜಿಯ ಕೆಳಗಿರಬೇಕು, ಇಳಿಯುವಾಗ ಮೇಲಿರಬೇಕು. ಈ ಒಂದು ನಿಯಮ ನನ್ನ ತಲೆಗೆ ಹೋಗಲು ಎರಡು ವಾರ ಬೇಕಾಯಿತು. ಎರಡು ಅಲೆಗಳನ್ನು ಎದುರುಬದುರು ಹೊಲಿದರೆ ವಜ್ರದಾಕಾರ ಬರುತ್ತದೆ. ಕೊನೆಗೆ ಹನಿಕೋಂಬ್. ಎರಡು ನೆರಿಗೆಗಳನ್ನು ಸೇರಿಸಿ ಎರಡು ಸಲ ಕಟ್ಟಿ, ಸೂಜಿಯನ್ನು ನೆರಿಗೆಯ ಒಳಗಿಂದಲೇ ಕೆಳಗಿನ ಸಾಲಿಗೆ ಇಳಿಸಿ, ಅಲ್ಲಿ ಎರಡನೆಯ ನೆರಿಗೆಯನ್ನು ಮೂರನೆಯದಕ್ಕೆ ಕಟ್ಟುವುದು. ಮೇಲೆ ನೋಡುವವರಿಗೆ ಸಣ್ಣ ಸಣ್ಣ ಚುಕ್ಕೆ ಮಾತ್ರ ಕಾಣುತ್ತವೆ, ದಾರ ಹೋದ ದಾರಿ ಕಾಣುವುದಿಲ್ಲ. ಎಲ್ಲ ಮುಗಿದ ಮೇಲೆ ಕಚ್ಚಾ ದಾರಗಳನ್ನು ಎಳೆದು ತೆಗೆದುಬಿಡುತ್ತೇವೆ. ಬಟ್ಟೆ ರಬ್ಬರಿನ ಹಾಗೆ ಹಿಗ್ಗುತ್ತದೆ, ಕುಗ್ಗುತ್ತದೆ. ಎಲಾಸ್ಟಿಕ್ ಇಲ್ಲದ ಎಲಾಸ್ಟಿಕ್. ಮಗು ಬೆಳೆದರೂ ಫ್ರಾಕು ಇನ್ನೊಂದು ವರ್ಷ ಬರುತ್ತದೆ.

"ನೆರಿಗೆಯ ತುದಿಯಲ್ಲಿ ಮೂರನೇ ಒಂದು ಭಾಗ ಮಾತ್ರ ಚುಚ್ಚು. ಆಳಕ್ಕೆ ಹೋದರೆ ಬಟ್ಟೆ ಉಸಿರಾಡಲ್ಲ" ಎನ್ನುತ್ತಿದ್ದರು ಮೇಡಂ. ಕಸೂತಿಯಲ್ಲಿ ಎಳೆ ಎಣಿಸಬೇಕು, ಇದರಲ್ಲಿ ನೆರಿಗೆ ಎಣಿಸಬೇಕು, ಎಣಿಸಲು ಸೋಮಾರಿತನ ಮಾಡುವವನು ಎರಡನ್ನೂ ಮುಟ್ಟಬಾರದು ಎಂದೂ ಹೇಳುತ್ತಿದ್ದರು.

ಕಾಲು ಸರಿಹೋದ ಮೇಲೆ ನಾನು ತೋಟಕ್ಕೆ ವಾಪಸು ಹೋದೆ. ಗೆಳೆಯರು ಆಗಲೇ ನನಗೆ ಒಂದು ಅಡ್ಡಹೆಸರು ಇಟ್ಟಿದ್ದರು. ಅವರಲ್ಲಿ ಕೆಲವರು ಇಲ್ಲೇ ಕುಳಿತಿದ್ದಾರೆ, ಈಗ ನಗುತ್ತಿದ್ದಾರೆ. ಆ ಹೆಸರನ್ನು ಮೈಕಿನಲ್ಲಿ ಹೇಳುವುದಿಲ್ಲ.

ಹತ್ತನೇ ತರಗತಿಗೆ ಬಂದಾಗ ಮನೆಯಲ್ಲಿ ಕಷ್ಟ ಶುರುವಾಯಿತು. ನಮ್ಮಮ್ಮ ಪೇಟೆಯ ಅಂಗಡಿಯೊಂದಕ್ಕೆ ಮಕ್ಕಳ ಬಟ್ಟೆ ಹೊಲಿದುಕೊಡುತ್ತಿದ್ದರು. ಸಾದಾ ಫ್ರಾಕಿಗೆ ಹದಿನೈದು ರೂಪಾಯಿ, ಸ್ಮಾಕಿಂಗ್ ಮಾಡಿದ ಫ್ರಾಕಿಗೆ ನಲವತ್ತು. ಅಮ್ಮನಿಗೆ ಸಕ್ಕರೆ ಕಾಯಿಲೆ ಇತ್ತು, ಕಣ್ಣಿಗೆ ಬೇಗ ಪೊರೆ ಬಂತು. ಮಿಷನ್ ತುಳಿಯುವುದು ಅಂದಾಜಿನಲ್ಲಿ ನಡೆಯುತ್ತಿತ್ತು, ಆದರೆ ಚುಕ್ಕೆ ಕಾಣುತ್ತಿರಲಿಲ್ಲ. ಒಂದು ಸಂಜೆ ಅಮ್ಮ ಹೊಲಿದದ್ದನ್ನೇ ಬಿಚ್ಚುತ್ತಾ ಕುಳಿತಿದ್ದರು. ನಾನು ಏನೂ ಹೇಳದೆ ಕೈಯಿಂದ ಬಟ್ಟೆ ತೆಗೆದುಕೊಂಡೆ. ಕಣ್ಣಿನ ಶಿಬಿರದಲ್ಲಿ ಅಮ್ಮನಿಗೆ ಆಪರೇಷನ್ ಆಗುವವರೆಗೆ, ಸುಮಾರು ಏಳು ತಿಂಗಳು, ಆ ಅಂಗಡಿಗೆ ಹೋದ ಸ್ಮಾಕಿಂಗ್ ಫ್ರಾಕುಗಳೆಲ್ಲ ನಾನು ಹೊಲಿದವು. ರಾತ್ರಿ ಊಟವಾದ ಮೇಲೆ ಬಾಗಿಲು ಹಾಕಿಕೊಂಡು ಹೊಲಿಯುತ್ತಿದ್ದೆ. ಯಾರಾದರೂ ಬಾಗಿಲು ತಟ್ಟಿದರೆ ಬಟ್ಟೆಯನ್ನು ತಂಗಿಯ ತೊಡೆಯ ಮೇಲೆ ಹಾಕಿ ನಾನು ವಿಜ್ಞಾನದ ಪುಸ್ತಕ ತೆಗೆಯುತ್ತಿದ್ದೆ.

ಆ ವರ್ಷ ಶಾಲೆಯಲ್ಲಿ ವಸ್ತು ಪ್ರದರ್ಶನ ನಡೆಯಿತು. ಅಮ್ಮ ಒಂದು ಹಳದಿ ಫ್ರಾಕು ಕೊಟ್ಟು ಕಳಿಸಿದರು. ಹಳದಿ ಕೇಂಬ್ರಿಕ್ ಬಟ್ಟೆ, ಹಸಿರು ಮತ್ತು ಕೆಂಪು ದಾರ. ಮೇಡಂ ರಿಜಿಸ್ಟರ್ ತೆಗೆದು "ಯಾರ ಹೆಸರು ಬರೀಲಿ?" ಎಂದರು. ಹಿಂದೆ ನನ್ನ ಗೆಳೆಯರು ನಿಂತಿದ್ದರು. ನಾನು ಎಂಟನೇ ತರಗತಿಯಲ್ಲಿದ್ದ ನನ್ನ ತಂಗಿಯ ಹೆಸರು ಹೇಳಿದೆ. ಮೇಡಂ ಫ್ರಾಕನ್ನು ತಿರುಗಿಸಿ ನೋಡಿದರು, ನನ್ನ ಮುಖ ನೋಡಿದರು, ಬರೆದುಕೊಂಡರು.

ಅದಕ್ಕೆ ಮೊದಲ ಬಹುಮಾನ ಬಂತು. ತಂಗಿ ವೇದಿಕೆ ಹತ್ತಿ ಸ್ಟೀಲ್ ಡಬ್ಬಿ ಮತ್ತು ಪ್ರಶಸ್ತಿ ಪತ್ರ ತೆಗೆದುಕೊಂಡಳು. ನಾನು ಜೋರಾಗಿ ಚಪ್ಪಾಳೆ ತಟ್ಟಿದೆ. ಅಲ್ಲಿಗೆ ಮುಗಿಯಿತು ಎಂದುಕೊಂಡೆ, ಮುಗಿಯಲಿಲ್ಲ. ತಾಲ್ಲೂಕು ಮಟ್ಟದ ಪ್ರದರ್ಶನದಲ್ಲಿ ತೀರ್ಪುಗಾರರ ಮುಂದೆ ಕುಳಿತು ಹೊಲಿದು ತೋರಿಸಬೇಕಿತ್ತು. ಅವಳಿಗೆ ಗುಂಡಿ ಹಾಕುವುದೂ ಬರುತ್ತಿರಲಿಲ್ಲ. ಹೊಟ್ಟೆನೋವು ಎಂದು ಹೇಳಿ ಮಲಗಿಬಿಟ್ಟಳು. ಮಾರನೆಯ ದಿನ ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರ ಎದುರಿಗೆ ಅವಳಿಗೆ ಬೈಗುಳ ಬಿತ್ತು, ಶಾಲೆಯ ಮರ್ಯಾದೆ ತೆಗೆದಳು ಎಂದು. ಅವಳು ತುಟಿ ಬಿಚ್ಚಲಿಲ್ಲ. ನಾನು ಹತ್ತನೇ ತರಗತಿಯ ಸಾಲಿನಲ್ಲಿ ನಿಂತಿದ್ದೆ. ನಾನೂ ತುಟಿ ಬಿಚ್ಚಲಿಲ್ಲ. ಮನೆಗೆ ಬಂದು ಅವಳು ಹೇಳಿದ್ದು ಒಂದೇ ಮಾತು: "ಅಣ್ಣ, ಡಬ್ಬಿ ನೀನೇ ಇಟ್ಕೊ."

ಪರೀಕ್ಷೆ ಮುಗಿದ ದಿನ ಮೇಡಂಗೆ ನಮಸ್ಕಾರ ಮಾಡಲು ಹೋದೆ. ಅವರು ಹೇಳಿದರು: "ಎಲ್ಲಾ ಸಾಲೂ ಬಲಗಡೆಯಿಂದ ಶುರುವಾಗಿತ್ತು ಕಣೋ. ಈ ಶಾಲೆಯಲ್ಲಿ ಹಾಗೆ ಹೊಲಿಯೋನು ಒಬ್ಬನೇ. ನಿನಗೆ ಹೇಳಬೇಕು ಅನ್ನಿಸಿದ ದಿನ ನೀನೇ ಹೇಳು."

ಆ ಮೇಲೆ ಪಿಯುಸಿ, ಬಿಇ, ಬೆಂಗಳೂರಿನಲ್ಲಿ ಕೆಲಸ. ಸೂಜಿ ಮುಟ್ಟಲಿಲ್ಲ. ಕೆಲವು ವರ್ಷಗಳ ಹಿಂದೆ ಕಂಪನಿ ಕೆಲಸದ ಮೇಲೆ ಇಂಗ್ಲೆಂಡಿನ ರೆಡಿಂಗ್ ಪಟ್ಟಣಕ್ಕೆ ಹೋಗಿದ್ದೆ. ಅಲ್ಲಿನ ವಿಶ್ವವಿದ್ಯಾಲಯದ್ದು ಒಂದು ವಸ್ತುಸಂಗ್ರಹಾಲಯ ಇದೆ, ಇಂಗ್ಲಿಷ್ ಹಳ್ಳಿಯ ಬದುಕಿನದು. ನೇಗಿಲು, ಗಾಡಿ, ಕುಡುಗೋಲು ನೋಡುತ್ತಾ ಹೋದವನು ಒಂದು ಕಡೆ ನಿಂತುಬಿಟ್ಟೆ. ಎದುರಿಗೆ ಒಂದು ದೊಡ್ಡ ದೊಗಲೆ ಅಂಗಿ. ಎದೆಯ ಮೇಲೆ, ತೋಳಿನ ಮೇಲೆ ನನಗೆ ಗೊತ್ತಿದ್ದ ಅದೇ ಹೊಲಿಗೆಗಳು. ಅದು ಸ್ಮಾಕ್. ಹದಿನೆಂಟು, ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿನ ಹೊಲದ ಕೂಲಿಗಳು, ಕುರಿ ಕಾಯುವವರು, ಗಾಡಿ ಹೊಡೆಯುವವರು ತೊಡುತ್ತಿದ್ದ ಅಂಗಿ. ನಮ್ಮ ಅಪ್ಪನಂಥ ಗಂಡಸರ ಅಂಗಿ! ಬಟ್ಟೆ ಹಾಳಾಗದಂತೆ ಚೌಕ ಚೌಕವಾಗಿ ಕತ್ತರಿಸಿ, ಅಗಲವನ್ನೆಲ್ಲ ನೆರಿಗೆಯಲ್ಲಿ ಹಿಡಿದು ಹೊಲಿದದ್ದು. ಕೈ ಬೀಸಿ ಕೆಲಸ ಮಾಡಿದರೆ ಹಿಗ್ಗುತ್ತದೆ. ಯಂತ್ರಗಳು ಬಂದ ಮೇಲೆ ದೊಗಲೆ ಅಂಗಿ ಚಕ್ರಕ್ಕೆ ಸಿಕ್ಕುವ ಭಯ, ಜೊತೆಗೆ ಸಿದ್ಧ ಉಡುಪು ಅಗ್ಗವಾಯಿತು, ಸ್ಮಾಕ್ ಮರೆಯಾಯಿತು. ಹೊಲಿಗೆ ಮಾತ್ರ ಮಕ್ಕಳ ಫ್ರಾಕಿನ ಮೇಲೆ ಉಳಿಯಿತು.

ಯಾವ ಕೆಲಸಕ್ಕೆ ನಾನು ನಾಚಿ ತಂಗಿಯ ಹೆಸರು ಬರೆಸಿದ್ದೆನೋ ಅದು ಹೊಲ ಉಳುವವರ ಎದೆಯ ಮೇಲಿದ್ದ ಕೆಲಸ. ಆದರೆ ಇದು ತಿಳಿದದ್ದರಿಂದ ನನ್ನ ತಪ್ಪು ಚಿಕ್ಕದಾಗಲಿಲ್ಲ. ಅದು ಹೆಂಗಸರದೇ ಕೆಲಸ ಆಗಿದ್ದರೂ ನಾಚುವಂಥದ್ದು ಏನಿತ್ತು? ಆ ಏಳು ತಿಂಗಳು ನಮ್ಮ ಮನೆಗೆ ಅಕ್ಕಿ ಬಂದದ್ದು, ನನ್ನ ಪರೀಕ್ಷೆಯ ಫೀಸು ಕಟ್ಟಿದ್ದು ಅದರಿಂದ.

ಮೇಡಂ ನಿವೃತ್ತರಾಗಿ ಬಹಳ ವರ್ಷವಾಯಿತು. ಇವತ್ತು ಬಂದು ಎರಡನೇ ಸಾಲಿನಲ್ಲಿ ಕುಳಿತಿದ್ದಾರೆ. ನನ್ನ ತಂಗಿಯೂ ಅವಳ ಮಗಳನ್ನು ಕರೆದುಕೊಂಡು ಬಂದಿದ್ದಾಳೆ. ಮೇಡಂ, ಹೇಳಬೇಕು ಅನ್ನಿಸಿದ ದಿನ ಇದು. ಆ ಹಳದಿ ಫ್ರಾಕು ಹೊಲಿದವನು ನಾನು. ಅಂದು ಪ್ರಾರ್ಥನೆಯಲ್ಲಿ ಬೈಸಿಕೊಂಡವಳ ತಪ್ಪು ಏನೂ ಇರಲಿಲ್ಲ. ಆ ಅಂಗಳದಲ್ಲೇ, ಅಷ್ಟೇ ಜನರ ಎದುರಿಗೆ ಹೇಳಬೇಕೆಂದು ಇಲ್ಲಿಯವರೆಗೆ ಬಂದೆ. ಇದನ್ನು ಸ್ಮರಣ ಸಂಚಿಕೆಯಲ್ಲೂ ಅಚ್ಚು ಹಾಕಿ ಎಂದು ಸಂಪಾದಕರನ್ನು ಕೇಳಿಕೊಳ್ಳುತ್ತೇನೆ. ಪುಟ್ಟಿ, ತಡವಾಯಿತು, ತಪ್ಪಾಯಿತಮ್ಮ.

ಕೊನೆಯದಾಗಿ ಒಂದು ಮಾತು. ಬೆಳಿಗ್ಗೆ ಆ ಕೊನೆಯ ಕೋಣೆಗೆ ಹೋಗಿದ್ದೆ. ಆರು ಹೊಲಿಗೆ ಮಿಷನ್ನುಗಳು ಮುರಿದ ಬೆಂಚುಗಳ ಹಿಂದೆ ಧೂಳು ಹಿಡಿದು ನಿಂತಿವೆ. ನಾಲ್ಕು ಇನ್ನೂ ತಿರುಗುತ್ತವೆ, ಎಣ್ಣೆ ಬಿಟ್ಟು ನೋಡಿದೆ. ರಿಪೇರಿಯ ಖರ್ಚು ನಮ್ಮ ಬ್ಯಾಚಿನವರು ಹಾಕುತ್ತೇವೆ. ಊರಿನಲ್ಲಿ ಹೊಲಿಗೆ ಬಲ್ಲ ಅಕ್ಕಂದಿರು ಇದ್ದೀರಿ, ವಾರಕ್ಕೊಂದು ಸಂಜೆ ಬಿಡುವು ಮಾಡಿಕೊಳ್ಳಿ. ನಾನು ತಿಂಗಳಿಗೊಂದು ಶನಿವಾರ ಬರುತ್ತೇನೆ. ಒಂದೇ ಷರತ್ತು, ಮುಖ್ಯ ಶಿಕ್ಷಕರೇ: ಆ ಕೋಣೆಗೆ ಹುಡುಗರನ್ನೂ ಕಳಿಸಬೇಕು, ತೋಟಕ್ಕೆ ಹುಡುಗಿಯರನ್ನೂ ಕಳಿಸಬೇಕು. ಕಾಲು ಮುರಿಯುವವರೆಗೆ ಯಾರೂ ಕಾಯುವುದು ಬೇಡ. ಎಡಚರು ಯಾರಾದರೂ ಇದ್ದರೆ ನನ್ನ ಎದುರಿಗೆ ಕೂರಲಿ.