ಮೇಜಿನ ಮೇಲೆ ವಾಟರ್ಲೂ, ಪತ್ರದಲ್ಲಿ ಹಳಿಯಾಳ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಈ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಮುಂದೆ ಬಿ.ಇ. ಮಾಡಿ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಇವತ್ತು ಕೆಲಸದ ಮಾತು ಬಿಟ್ಟು ನನ್ನ ಹವ್ಯಾಸದ ಬಗ್ಗೆ ಹೇಳುತ್ತೇನೆ. ಅದಕ್ಕೂ ನಮ್ಮ ಸೀಮೆಗೂ ನಂಟಿದೆ.

ರವಿವಾರ ನಾವು ನಾಲ್ಕೈದು ಗೆಳೆಯರು ಸೇರಿ ದೊಡ್ಡ ಮೇಜಿನ ಮೇಲೆ ವಾಟರ್ಲೂ ಯುದ್ಧ ಆಡುತ್ತೇವೆ. ಒಂದಂಗುಲ ಎತ್ತರದ ಸೈನಿಕರ ಗೊಂಬೆಗಳಿಗೆ ನಾವೇ ಬಣ್ಣ ಹಚ್ಚುತ್ತೇವೆ. ಯಾವ ದಳ ಎಷ್ಟು ದೂರ ಸಾಗಬಹುದು ಎಂಬುದನ್ನು ಟೇಪು ಹಿಡಿದು ಅಳೆಯುತ್ತೇವೆ. ಗುಂಡು ತಾಗಿತೋ ಇಲ್ಲವೋ, ದಾಳ ಹೇಳುತ್ತದೆ. ಇದು ಬರೀ ಮಕ್ಕಳಾಟವಲ್ಲ. 1824ರಲ್ಲಿ ಪ್ರಶ್ಯದ ಸೇನಾಧಿಕಾರಿ ರೈಸ್ವಿಟ್ಸ್ ಇಂಥ ಆಟದ ನಿಯಮಗಳನ್ನು ಅಚ್ಚು ಹಾಕಿಸಿದ. ಅಲ್ಲಿಯ ಸೇನೆ ಅದರಿಂದಲೇ ಅಧಿಕಾರಿಗಳಿಗೆ ತರಬೇತಿ ಕೊಟ್ಟಿತು. ಅದೇ ವರ್ಷ ಅಕ್ಟೋಬರ್ 23ರಂದು ನಮ್ಮ ನೆರೆಯ ಕಿತ್ತೂರಿನಲ್ಲಿ ರಾಣಿ ಚೆನ್ನಮ್ಮನ ಸೈನ್ಯದೆದುರು ಥ್ಯಾಕರೆ ಬಿದ್ದ.

1815ರ ಜೂನ್ 18ರಂದು ವಾಟರ್ಲೂದಲ್ಲಿ ಪ್ರಶ್ಯನ್ನರ ಜೊತೆಗೂಡಿ ನೆಪೋಲಿಯನ್ನನನ್ನು ಸೋಲಿಸಿದವನು ವೆಲಿಂಗ್ಟನ್. ಅದಕ್ಕೆ ಹದಿನೈದು ವರ್ಷ ಮೊದಲು, 1800ರಲ್ಲಿ, ಅವನಿನ್ನೂ ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಆಗ ನಮ್ಮ ಈ ಭಾಗದಲ್ಲಿ ಧೋಂಡಿಯಾ ವಾಘನ ಬೆನ್ನು ಹತ್ತಿದ್ದ. ಅವನ ಪತ್ರಗಳಲ್ಲಿ ಹಳಿಯಾಳ 'ಹುಲ್ಲಿಹಾಲ್' ಆಗಿ ಕಾಣಿಸುತ್ತದೆ.

ಆ ಪತ್ರಗಳಲ್ಲಿ ಅಕ್ಕಿ, ಎತ್ತು, ತುಂಬಿದ ಹೊಳೆಗಳ ಚಿಂತೆ ಬಹಳ. ಮಳೆಗಾಲದ ದಂಡಯಾತ್ರೆ ಅದು. ಲಂಬಾಣಿಗರು ಹೇರಿನ ಎತ್ತುಗಳ ಮೇಲೆ ಧಾನ್ಯ ತಂದುಕೊಡಬೇಕು, ಹೊಳೆ ದಾಟಲು ಹರಿಗೋಲು ಬೇಕು. ಇಷ್ಟೆಲ್ಲ ಆದ ಮೇಲೆಯೇ ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ನಾಲ್ಕು ಕುದುರೆ ದಳಗಳು ಒಂದೇ ಸಾಲಿನಲ್ಲಿ ನುಗ್ಗಿದವು. ಧೋಂಡಿಯಾ ಅಲ್ಲಿ ಸತ್ತ.

ನಾನು ಕೊಂಡ ಗೊಂಬೆಗಳ ಪೆಟ್ಟಿಗೆಯಲ್ಲಿ ಸವಾರರಿದ್ದಾರೆ, ತೋಪುಗಳಿವೆ, ಸೇನಾಪತಿಯಿದ್ದಾನೆ. ಎತ್ತು ಹೊಡೆಯುವವನಿಲ್ಲ, ಅಂಬಿಗನಿಲ್ಲ. ಈ 1800ರ ಯುದ್ಧವನ್ನು ಮೇಜಿಗೆ ತಂದಾಗ, ಅವರಿಲ್ಲದ ಸೈನ್ಯ ಮೂರನೇ ಸರದಿಗೇ ಹೊಳೆದಂಡೆಯಲ್ಲಿ ಹಸಿದು ನಿಂತಿತು. ಆಮೇಲೆ ಜೇಡಿಮಣ್ಣಿನಲ್ಲಿ ಎತ್ತುಗಳನ್ನು ಮಾಡಿದೆ, ಡಬ್ಬಿ ಮುಚ್ಚಳಗಳನ್ನು ಹರಿಗೋಲು ಮಾಡಿದೆ. ಸೈನ್ಯ ಮುಂದೆ ಸಾಗಿತು.

ಕರ್ನಲ್‌ನ ಹೆಸರು ಉಳಿಯಿತು, ಎತ್ತು ಹೊಡೆದವರ ಹೆಸರು ಉಳಿಯಲಿಲ್ಲ. ಆದರೆ ನಮ್ಮ ಅಜ್ಜ, ಮುತ್ತಜ್ಜಂದಿರು ಅಂಥವರೇ. ಚರಿತ್ರೆಯಲ್ಲಿ ನಮ್ಮವರು ಎಲ್ಲಿದ್ದರು ಎಂದು ಮಕ್ಕಳು ಕೇಳಿದರೆ ನಾವು ತೋರಿಸಬೇಕಾದದ್ದು ಇದನ್ನೇ.

ಅದಕ್ಕೇ ಒಂದು ಬೇಡಿಕೆ. ನಮ್ಮ ಶಾಲೆಯಲ್ಲಿ ಮಕ್ಕಳೇ ಈ ಸೀಮೆಯ ಒಂದು ಮೇಜು ಮಾಡಲಿ. ಬಣ್ಣ, ಕುಂಚದ ಖರ್ಚು ನನ್ನದು. ಅಳತೆಗೆ ಗಣಿತದ ಗುರುಗಳು, ಕಾಲಕ್ಕೆ ಸಮಾಜದ ಗುರುಗಳು ನೆರವಾಗಲಿ. ದಾಂಡೇಲಿ, ಜೊಯಿಡಾ, ಮುಂಡಗೋಡದ ಕಡೆಯ ಹಿರಿಯರು ಹಳೆಯ ಚಕ್ಕಡಿ ದಾರಿ, ಹೊಳೆ ದಾಟುತ್ತಿದ್ದ ಜಾಗ ಹೇಳಿಕೊಡಲಿ. ಅವನ್ನು ಬಲ್ಲವರು ನಮ್ಮ ನಡುವೆ ಇರುವಾಗಲೇ ಕೇಳಿಟ್ಟುಕೊಳ್ಳೋಣ.