ಹಳೇ ಸ್ಟೇಷನ್ ವ್ಯಾಗನ್ ಕೊಳ್ತೀರಾ? ಮೊದಲು ಡಿಕ್ಕಿ ನೋಡಿ

ಅಮೆರಿಕದ ಮಿಶಿಗನ್‌ನಲ್ಲಿ ಕೆಲಸ ಮಾಡೋ ನಮ್ಮ ಕೇಳುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಅವರ ಬೀದಿಯಲ್ಲೇ 1967ರ ಫೋರ್ಡ್ ಕಂಟ್ರಿ ಸ್ಕ್ವೈರ್ ಮಾರಾಟಕ್ಕಿದೆ. ಎರಡೂ ಪಕ್ಕ ಮರದ ಹಲಗೆ ಹೊಡೆದಂತೆ ಕಾಣೋ ಉದ್ದನೆಯ ವ್ಯಾಗನ್. ಪೇಂಟ್ ಹೊಳೀತಿದೆ, ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಂತೆ. ಮೂರು ವರ್ಷ ಕೂಡಿಟ್ಟ ದುಡ್ಡು ಹಾಕಬಹುದಾ ಅಂತ ಕೇಳಿದ್ದಾರೆ.

ನಾನು ಹೇಳೋದು ಇಷ್ಟೇ: ಪೇಂಟು, ಎಂಜಿನ್ನು ಆಮೇಲೆ. ಮೊದಲು ಗಾಡಿಯ ಹಿಂದೆ ಹೋಗಿ ನಿಂತ್ಕೊಳ್ಳಿ.

ಯಾಕಂದ್ರೆ ಇದು ಮನೆಮಂದಿಯ ದುಡಿಮೆಯ ಗಾಡಿ. ಮಕ್ಕಳು, ನಾಯಿ, ಸಾಮಾನು ಎಲ್ಲಾ ಇದರಲ್ಲೇ. ಮಸ್ಟಾಂಗ್ ಥರ ಹೊದಿಕೆ ಹಾಕಿ ಜೋಪಾನ ಮಾಡಿದವರು ಕಡಿಮೆ. 1984ರ ಮಾಡೆಲ್ ಆಗಿ ಕ್ರೈಸ್ಲರ್ ಮಿನಿವ್ಯಾನ್ ಬಂದಮೇಲೆ ಗಿರಾಕಿಗಳು ಆ ಕಡೆ ಹೋದ್ರು. ಕಂಟ್ರಿ ಸ್ಕ್ವೈರ್ 1991ಕ್ಕೆ ನಿಂತೇಹೋಯ್ತು. ಎಂಜಿನ್, ಬ್ರೇಕ್ ಭಾಗಗಳು ಆ ಕಾಲದ ಬೇರೆ ಫೋರ್ಡ್ ಕಾರುಗಳಲ್ಲೂ ಇದ್ದವು, ಈಗಲೂ ಸಿಗ್ತವೆ. ಆದ್ರೆ ವ್ಯಾಗನ್‌ಗೆ ಮಾತ್ರ ಇರೋ ಡಿಕ್ಕಿ ಬಾಗಿಲು, ಹಿಂದಿನ ಗಾಜು, ಪಕ್ಕದ ತಗಡು ಹಾಳಾಗಿದ್ರೆ ಇನ್ನೊಂದು ಹಳೇ ವ್ಯಾಗನ್ನಿಂದ ಬಿಚ್ಚಿ ತರಬೇಕು.

ಫೋರ್ಡ್ 1966ರಲ್ಲಿ ತಂದ ಡಿಕ್ಕಿ ಬಾಗಿಲು ಎರಡು ಥರ ತೆರೆಯುತ್ತೆ: ಕೆಳಕ್ಕೆ ಮಡಚಬಹುದು, ಇಲ್ಲಾ ಮನೆ ಬಾಗಿಲಂತೆ ಪಕ್ಕಕ್ಕೂ ತೆಗೀಬಹುದು. ಗಾಜು ಇಳಿಸಿ ಎರಡೂ ಥರ ತೆಗೆದು ನೋಡಿ. ಆಮೇಲೆ ಒಳಗಿನ ಕಾರ್ಪೆಟ್ ಎತ್ತಿ. ಸ್ಟೆಪ್ನಿ ಇಡೋ ಜಾಗದಲ್ಲಿ ನೀರಿನ ಕಲೆ, ತುಕ್ಕು ಇದ್ರೆ ಎಲ್ಲೋ ಸೋರ್ತಿದೆ ಅಂತ ಅರ್ಥ.

ಇನ್ನು ಆ ಮರ. ಅದು ಮರ ಅಲ್ಲವೇ ಅಲ್ಲ! ಮರದ ಚಿತ್ರ ಇರೋ ವಿನೈಲ್ ಹಾಳೆ, ಸುತ್ತ ಫೈಬರ್‌ಗ್ಲಾಸ್ ಪಟ್ಟಿ. ಹಾಳೆ ಬಿಸಿಲಿಗೆ ಬಣ್ಣಗೆಟ್ಟಿದ್ರೆ ಚಿಂತೆ ಬೇಡ, ಅದರಡಿಯ ತಗಡು ಮುಖ್ಯ. ಒಂದು ಮ್ಯಾಗ್ನೆಟ್‌ಗೆ ತೆಳು ಬಟ್ಟೆ ಸುತ್ತಿ ಬಾಗಿಲ ಕೆಳಗೆ, ಚಕ್ರದ ಸುತ್ತ ಇಟ್ಟು ನೋಡಿ. ಹಿಡೀಲಿಲ್ಲ ಅಂದ್ರೆ ಒಳಗೆ ಪುಟ್ಟಿ ತುಂಬಿರೋ ಸಾಧ್ಯತೆ ಹೆಚ್ಚು. ಫೈಬರ್ ಪಟ್ಟಿ ಮೇಲೆ ಹೇಗೂ ಹಿಡಿಯಲ್ಲ, ಅಲ್ಲಿ ಗಾಬರಿ ಬೇಡ.

ಮಿಶಿಗನ್‌ನಲ್ಲಿ ಚಳಿಗಾಲಕ್ಕೆ ರಸ್ತೆಗೆ ಉಪ್ಪು ಸುರೀತಾರೆ. ಅದು ಚಾಸಿಯನ್ನ ತಿನ್ನುತ್ತೆ. ಗಾಡಿಯನ್ನ ಲಿಫ್ಟ್ ಮೇಲೆ ಏರಿಸಿ, ಹಿಂದಿನ ಆಕ್ಸಲ್ ಮೇಲೆ ಚಾಸಿ ಬಾಗೋ ಜಾಗವನ್ನ ಮಾಲೀಕರ ಒಪ್ಪಿಗೆ ತಗೊಂಡು ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ.

ದಾಖಲೆಗೆ ಬರೋಣ. ಆಗ ಈಗಿನಂತೆ 17 ಅಕ್ಷರದ ಚಾಸಿ ನಂಬರ್ ಇರಲಿಲ್ಲ, ಫೋರ್ಡ್‌ನಲ್ಲಿ 11 ಮಾತ್ರ. ಮೊದಲನೆಯದು ವರ್ಷ, ಎರಡನೆಯದು ಕಾರ್ಖಾನೆ, ಮುಂದಿನೆರಡು ಮಾಡೆಲ್, ಐದನೆಯದು ಎಂಜಿನ್. ಕಡಿಮೆ ದರ್ಜೆ ವ್ಯಾಗನ್‌ಗೆ ಮರದ ಸ್ಟಿಕ್ಕರ್ ಅಂಟಿಸಿ ಮಾರಿದ್ರೆ ಇಲ್ಲೇ ಸಿಕ್ಕಿಬೀಳುತ್ತೆ. ಈ ನಂಬರ್ ಮಾಲೀಕತ್ವದ ಪತ್ರದಲ್ಲಿ ಇರೋದಕ್ಕೆ ಹೊಂದಬೇಕು.

ಕೊನೆಗೆ ಬೆಲೆ. 'ಇದಕ್ಕೆ ನಾನು ಇಷ್ಟು ಖರ್ಚು ಮಾಡಿದ್ದೀನಿ' ಅಂತ ಮಾರೋರು ಬಿಲ್ ತೋರಿಸ್ತಾರೆ. ಆ ಬಿಲ್ ಗಾಡಿಯ ಇತಿಹಾಸ ಹೇಳುತ್ತೆ, ಬೆಲೆ ಹೇಳಲ್ಲ. ಜಾಹೀರಾತಲ್ಲಿ ಕೇಳೋ ಬೆಲೆಯನ್ನೂ ನಂಬ್ಕೋಬೇಡಿ. ಬ್ರಿಂಗ್ ಎ ಟ್ರೈಲರ್‌ನಂಥ ಹರಾಜು ಸೈಟ್‌ಗಳಲ್ಲಿ ಇಂಥ ಗಾಡಿಗಳು ನಿಜಕ್ಕೂ ಎಷ್ಟಕ್ಕೆ ಹೋದವು ಅಂತ ನೋಡಿ. ಹ್ಯಾಗರ್ಟಿ ವಿಮಾ ಸಂಸ್ಥೆ ಹಳೇ ಕಾರುಗಳಿಗೆ ಸ್ಥಿತಿಯ ಪ್ರಕಾರ 1ರಿಂದ 4ರವರೆಗೆ ದರ್ಜೆ ಕೊಡುತ್ತೆ, 1 ಅಂದ್ರೆ ಅತ್ಯುತ್ತಮ. ನಿಮ್ಮ ಗಾಡಿ ಎಲ್ಲಿ ನಿಲ್ಲುತ್ತೆ ಅಂತ ಪ್ರಾಮಾಣಿಕವಾಗಿ ಲೆಕ್ಕ ಹಾಕಿ, ರಿಪೇರಿ ಖರ್ಚು ಕಳೀರಿ.

ಹಾಗಾಗಿ ಕೇಳುಗ ಗೆಳೆಯರೇ, ಚಾಸಿ, ಡಿಕ್ಕಿ ಗಟ್ಟಿಯಾಗಿದ್ದು ಎಂಜಿನ್ ಕೆಮ್ಮುತ್ತಿದ್ರೆ ಚೌಕಾಸಿ ಮಾಡಿ ತಗೊಳ್ಳಿ. ಎಂಜಿನ್ ಚೆನ್ನಾಗಿದ್ದು ಚಾಸಿ ಕೊಳೆತಿದ್ರೆ ಕೈಮುಗಿದು ಬಂದುಬಿಡಿ. ಇಂಥ ಪ್ರಶ್ನೆಗಳಿದ್ರೆ ನಮಗೆ ಕಳಿಸಿ.